ಕಲ್ಯಾಣದ ಕೂಲಿ-ಕರಾರು

ಮಿತಾಕ್ಷರವೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಜನರಿಗೆ ನೆನಪಾಗುವುದು ಪಿತ್ರಾರ್ಜಿತವಾದ ಆಸ್ತಿ, ಅಣ್ಣತಮ್ಮಂದಿರ ಪಾಲು, ನ್ಯಾಯಾಲಯದ ಮೆಟ್ಟಿಲು. ಈ ಕೀರ್ತಿಗೆ ಆ ಗ್ರಂಥಕ್ಕಿಂತ ಹೆಚ್ಚಾಗಿ ಅದನ್ನು ಓದಿದವರ ಪ್ರಯೋಜನಬುದ್ಧಿಯೇ ಕಾರಣವೆನ್ನಬೇಕು. ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು 1810ರಲ್ಲಿ ಕಲ್ಕತ್ತೆಯಿಂದ ಅದರ ದಾಯವಿಭಾಗವೊಂದನ್ನೇ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದನು. ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಧೀಶರಿಗೆ ಹಿಂದೂ ಕುಟುಂಬಗಳ ಸೊತ್ತಿನ ವ್ಯಾಜ್ಯಗಳನ್ನು ತೀರ್ಮಾನಿಸಲು ಅಷ್ಟೇ ಸಾಕಾಗಿತ್ತು. ಉಳಿದ ಪ್ರಕರಣಗಳು ಮುಂದೆ ಭಾಷಾಂತರಗೊಂಡವಾದರೂ ವಕೀಲರ ಕೈಗೆ ಅವು ಬೇಕಾಗಲಿಲ್ಲ. ಹೀಗೆ, ನೆಲವುಳ್ಳವನು ತನ್ನ ನೆಲವನ್ನು ಹೇಗೆ ಹಂಚಬೇಕೆಂಬ ಭಾಗವು ಇಡೀ ಭರತಖಂಡದಲ್ಲಿ ಪ್ರಸಿದ್ಧವಾಯಿತು; ನೆಲವಿಲ್ಲದವನು ತನ್ನ ತೋಳಿನ ಬಲವನ್ನು ಕೆಲವು ದಿನಗಳ ಮಟ್ಟಿಗೆ ಇನ್ನೊಬ್ಬನಿಗೆ ಕೊಡುವಾಗ ಇಬ್ಬರಿಗೂ ಇರತಕ್ಕ ಕಟ್ಟುಪಾಡುಗಳೇನೆಂಬ ಭಾಗವು ಅದೇ ಗ್ರಂಥದ ಒಳಗೆ, ಅದೇ ನಗರದಲ್ಲಿ ಬರೆಯಲ್ಪಟ್ಟಿದ್ದರೂ, ಪಂಡಿತರ ಕಪಾಟಿನಲ್ಲಿಯೇ ಉಳಿದುಹೋಯಿತು.

ಆ ನಗರವೇ ಇಂದಿನ ಬಸವಕಲ್ಯಾಣ. ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯ ವಂಶದ ಆಹವಮಲ್ಲ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಅವನ ಮಗನಾದ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ, ಅರ್ಧ ಶತಮಾನದ ಕಾಲ, ಇಲ್ಲಿಂದ ರಾಜ್ಯಭಾರ ಮಾಡಿದನು. ಕಲಬುರಗಿಯ ಸಮೀಪದ ಮರ್ತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರನು ಆ ರಾಜನ ಆಶ್ರಯದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ಈ ವ್ಯಾಖ್ಯಾನವನ್ನು ರಚಿಸಿ, ಗ್ರಂಥದ ಕೊನೆಯಲ್ಲಿ ಕಲ್ಯಾಣವನ್ನೂ ಅದರ ರಾಜನನ್ನೂ ಹಾಡಿಹೊಗಳಿದನು. ಅಂಥ ರಾಜಧಾನಿಯೊಂದು ಬೆಳೆಯುವಾಗ ಅದರ ಸುತ್ತ ಎಷ್ಟು ಬಗೆಯ ಕೂಲಿಯ ಕೈಗಳು ಸೇರಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ನಾರಾಯಣಪುರದ ಗುಡಿಗೂ ಜಲಸಂಗ್ವಿಯ ಗುಡಿಗೂ ಕಲ್ಲು ಒಡೆದವರು, ಆ ಕಲ್ಲನ್ನು ಬಂಡಿಯಲ್ಲಿ ಎಳೆದವರು, ಕೆರೆಯ ಏರಿಗೆ ಮಣ್ಣು ಹೊತ್ತವರು, ವರ್ತಕರ ಹೇರನ್ನು ಎತ್ತಿನ ಮೇಲೆ ಕಟ್ಟಿ ದೂರದ ಸಂತೆಗೆ ನಡೆದವರು, ಇವರಲ್ಲಿ ಹೆಚ್ಚಿನವರು ಒಂದು ಕೆಲಸ ಮುಗಿಯುವ ತನಕ ಮಾತ್ರ ಒಬ್ಬ ಒಡೆಯನಿಗೆ ಸೇರಿದವರಾಗಿದ್ದು, ಆಮೇಲೆ ಮತ್ತೊಬ್ಬನನ್ನು ಹುಡುಕಿಕೊಂಡು ಹೋಗಬೇಕಾದವರು. ವಿಜ್ಞಾನೇಶ್ವರನು ಕೂಲಿಯ ವ್ಯಾಜ್ಯಗಳನ್ನು ಕುರಿತ ವೇತನಾದಾನ ಪ್ರಕರಣಕ್ಕೆ ವ್ಯಾಖ್ಯಾನ ಬರೆಯುತ್ತಿದ್ದಾಗ ಇಂಥವರ ಜಗಳಗಳು ಅವನ ಕಿವಿಗೂ ಬಿದ್ದಿರಬಹುದೆಂದು ನಾನು ಭಾವಿಸುತ್ತೇನೆ. ಆ ಭಾಗವನ್ನು ಓದಿದರೆ ಕೇವಲ ಪಾಠಶಾಲೆಯ ತರ್ಕವೆಂದು ತೋರುವುದಿಲ್ಲ.

ಆ ಪ್ರಕರಣದ ಸಾರಾಂಶವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೆಲಸ ಮಾಡಿಸುವವನು ಕೂಲಿಯನ್ನು ಕೆಲಸದ ಮೊದಲಲ್ಲಿಯೋ ನಡುವೆಯೋ ಕಡೆಯಲ್ಲಿಯೋ, ಯಾವ ಹೊತ್ತಿಗೆಂದು ನಿಶ್ಚಯಿಸಿದ್ದಾನೆಯೋ ಆ ಹೊತ್ತಿಗೆ ತಪ್ಪದೆ ಕೊಡತಕ್ಕದ್ದು. ಕೂಲಿಯನ್ನು ಮುಂಗಡವಾಗಿ ಪಡೆದು ಕೆಲಸವನ್ನು ಬಿಟ್ಟುಹೋದವನು ಪಡೆದುದರ ಇಮ್ಮಡಿಯನ್ನು ತೆರಬೇಕು. ಪಡೆಯದೆ ಒಪ್ಪಿಕೊಂಡು ಬಿಟ್ಟವನು ಕೂಲಿಯಷ್ಟನ್ನೇ ತೆರಬೇಕು. ಒಡೆಯನ ನೇಗಿಲು ಮೊದಲಾದ ಉಪಕರಣಗಳನ್ನು ಆಳು ಕಾಪಾಡಿಕೊಳ್ಳಬೇಕು. ಇಷ್ಟನ್ನು ಓದಿದವನಿಗೆ ಶಾಸ್ತ್ರವು ಒಡೆಯನ ಪಕ್ಷವೆಂದು ತೋರೀತು. ಆದರೆ ಅದರ ಬೆನ್ನಿಗೇ ಬರುವ ನಿಯಮವನ್ನು ನೋಡಬೇಕು: ಕೂಲಿಯನ್ನು ಮೊದಲೇ ನಿಶ್ಚಯಿಸದೆ ಯಾವನು ಕೆಲಸ ಮಾಡಿಸಿಕೊಳ್ಳುತ್ತಾನೆಯೋ ಅವನಿಂದ, ಆ ಕೆಲಸವು ವ್ಯಾಪಾರವಾದರೆ ಲಾಭದ, ಪಶುಪಾಲನೆಯಾದರೆ ಹಿಂಡಿನ ಉತ್ಪತ್ತಿಯ, ಬೇಸಾಯವಾದರೆ ಬೆಳೆಯ ಹತ್ತನೆಯ ಒಂದು ಪಾಲನ್ನು ರಾಜನೇ ಆಳಿಗೆ ಕೊಡಿಸಬೇಕು. ಕರಾರಿಲ್ಲದ ಕೆಲಸದಲ್ಲಿ ಒಡೆಯನ ಬಾಯಿಗೆ ಬಂದದ್ದೇ ಕೂಲಿಯಾಗುವ ಅನ್ಯಾಯವನ್ನು ತಡೆಯಲು ಇದಕ್ಕಿಂತ ನೇರವಾದ ಉಪಾಯವು ನನಗೆ ಕಾಣದು. ಕೂಲಿಯನ್ನು ಗೊತ್ತುಮಾಡದೆ ಇರುವುದರಿಂದ ಯಾರಿಗೆ ಲಾಭವೋ ಅವನ ಮೇಲೆಯೇ ಆ ಮೌನದ ಭಾರವನ್ನು ಹೊರಿಸಿದ್ದು ನ್ಯಾಯದ ಸೂಕ್ಷ್ಮವನ್ನು ಬಲ್ಲವರ ಕೆಲಸ.

ಇನ್ನು, ಇಬ್ಬರು ಕೂಡಿ ಒಪ್ಪಿಕೊಂಡ ಕೆಲಸವು ರೋಗಾದಿಗಳಿಂದ ಮುಗಿಯದೆ ಹೋದರೆ ಏನು ಮಾಡಬೇಕು? ಯಾರು ಎಷ್ಟು ಮಾಡಿದರೋ ಅಷ್ಟಕ್ಕೆ ಅವರವರಿಗೆ ಕೂಲಿ ಸಲ್ಲಬೇಕು. ಅದನ್ನು ಒಡೆಯನು ತಾನೇ ಎಣಿಸತಕ್ಕದ್ದಲ್ಲ, ಮಧ್ಯಸ್ಥರು ಎಣಿಸಬೇಕೆಂದು ವಿಜ್ಞಾನೇಶ್ವರನ ವಿವರಣೆ. ಕೆಲಸವು ಪೂರ್ಣವಾದರೆ ಆಡಿದ ಮಾತಿನಂತೆ ಪೂರ್ಣ ಕೂಲಿ. ಹೇಳಿದ ಸ್ಥಳವನ್ನೂ ಕಾಲವನ್ನೂ ಮೀರಿ ನಡೆದು ಲಾಭವನ್ನು ಕೆಡಿಸಿದವನಿಗೆ ಒಡೆಯನ ಇಷ್ಟದಷ್ಟೇ ಕೂಲಿ. ಆದರೆ ಹೇಳಿದುದಕ್ಕಿಂತ ಹೆಚ್ಚಿನ ಫಲವನ್ನು ತಂದುಕೊಟ್ಟವನಿಗೆ ಗೊತ್ತಾದ ಕೂಲಿಗಿಂತ ಹೆಚ್ಚು ಕೊಡಬೇಕೆಂಬ ಮಾತೂ ಜೊತೆಗೇ ಉಂಟು.

ಹೇರು ಹೊರುವವರ ವಿಷಯಕ್ಕೆ ಬಂದಾಗ ಸ್ಮೃತಿಯ ಲೆಕ್ಕಾಚಾರವು ಇನ್ನಷ್ಟು ಸೂಕ್ಷ್ಮವಾಗುತ್ತದೆ. ರಾಜೋಪದ್ರವದಿಂದಾಗಲಿ ದೈವಯೋಗದಿಂದಾಗಲಿ ಅಲ್ಲದೆ ತನ್ನ ಅಜಾಗರೂಕತೆಯಿಂದ ಸರಕನ್ನು ಕಳೆದವನು ಅದನ್ನು ತುಂಬಿಕೊಡಬೇಕು. ಸಾರ್ಥವು ಹೊರಡುವ ಮುಹೂರ್ತದಲ್ಲಿಯೇ ನಿರಾಕರಿಸಿ ಪ್ರಯಾಣಕ್ಕೆ ವಿಘ್ನ ತಂದವನು ಇಮ್ಮಡಿ ಕೂಲಿಯನ್ನು ದಂಡವಾಗಿ ತೆರಬೇಕು. ಹೊರಡುವ ಸಿದ್ಧತೆಯಲ್ಲಿ, ಬೇರೊಬ್ಬನನ್ನು ಹುಡುಕಿಕೊಳ್ಳಲು ಇನ್ನೂ ಅವಕಾಶವಿರುವಾಗ ಬಿಟ್ಟವನು ಏಳನೆಯ ಒಂದಂಶವನ್ನು, ದಾರಿಯಲ್ಲಿ ಬಿಟ್ಟವನು ನಾಲ್ಕನೆಯ ಒಂದಂಶವನ್ನು, ಅರ್ಧದಾರಿಯಲ್ಲಿ ಬಿಟ್ಟವನು ಕೂಲಿಯ ಪೂರ್ಣ ಮೊತ್ತವನ್ನು ತೆರಬೇಕು. ಈ ನಿಯಮದ ಕಡೆಯ ಪದಗಳಲ್ಲಿ ಇಡೀ ಪ್ರಕರಣದ ಹೃದಯವಿದೆ: ರೋಗಿಯಲ್ಲದ ಆಳನ್ನು ಇದೇ ರೀತಿ ನಡುದಾರಿಯಲ್ಲಿ ಕೈಬಿಟ್ಟ ಒಡೆಯನಿಗೂ ಇದೇ ಪ್ರಮಾಣ. ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಕುಳಿತಿರುವ ಹುಮನಾಬಾದಿನಲ್ಲಿ, ಲಾರಿಗಳು ನಿಲ್ಲುವ ಎಡೆಯಲ್ಲಿ ನಿಂತು ನೋಡುವಾಗ, ಸರಕು ಸಾಗಿಸುವವನೂ ಅವನನ್ನು ಗೊತ್ತುಮಾಡಿದವನೂ ಅರ್ಧದಾರಿಯಲ್ಲಿ ಒಬ್ಬರನ್ನೊಬ್ಬರು ಬಿಟ್ಟರೆ ನಷ್ಟವು ಎಷ್ಟಾಗುತ್ತದೆಂಬುದನ್ನು ಒಂಬೈನೂರು ವರ್ಷಗಳ ಹಿಂದೆಯೇ ಇಲ್ಲಿಂದ ಒಂದು ದಿನದ ನಡಿಗೆಯ ಊರಿನಲ್ಲಿ ಅಂಶಾಂಶವಾಗಿ ವಿವರಿಸಿದ್ದರಲ್ಲಾ ಎಂದು ಮನಸ್ಸು ಹಿಗ್ಗುತ್ತದೆ.

ಕರಾರನ್ನು ಪಾಲಿಸುವುದಕ್ಕೆ ಮುಂಚೆ ಅದನ್ನು ತಿಳಿಯಬೇಕಷ್ಟೆ. ಈ ವಿಷಯವನ್ನು ಅದೇ ಗ್ರಂಥದಲ್ಲಿ ಬರಹದ ಪತ್ರಗಳನ್ನು ಕುರಿತ ಲೇಖ್ಯ ಪ್ರಕರಣವು ಹೇಳುತ್ತದೆ. ಅಲ್ಲಿ ಪ್ರಸ್ತುತವಾಗಿರುವುದು ಸಾಲಪತ್ರವಾದರೂ ಮುಂಗಡ ಪಡೆದು ದುಡಿಯುವವನ ಕಾಗದಕ್ಕೂ ಅದು ಚೆನ್ನಾಗಿ ಹೊಂದುತ್ತದೆ. ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಇಬ್ಬರ ಹೆಸರು, ತಂದೆಯ ಹೆಸರು ಇವೆಲ್ಲ ಇರಬೇಕು, ಮೇಲೆ ಬರೆದಿರುವುದು ತನಗೆ ಸಮ್ಮತವೆಂದು ಸಾಲಗಾರನು ಸ್ವಹಸ್ತದಿಂದ ಬರೆಯಬೇಕು, ಸಾಕ್ಷಿಗಳೂ ಬರೆಯಬೇಕು, ಕಡೆಯಲ್ಲಿ ಲೇಖಕನು ತನ್ನ ಹೆಸರನ್ನು ಹಾಕಬೇಕು. ಅಕ್ಷರವರಿಯದವನ ಗತಿಯೇನೆಂಬ ಪ್ರಶ್ನೆಗೆ ವಿಜ್ಞಾನೇಶ್ವರನು ನಾರದನನ್ನು ಉದಾಹರಿಸಿ, ಅಂಥವನು ಎಲ್ಲ ಸಾಕ್ಷಿಗಳ ಸಮಕ್ಷಮದಲ್ಲಿ ತನ್ನ ಸಮ್ಮತಿಯನ್ನು ಇನ್ನೊಬ್ಬನಿಂದ ಬರೆಸಬೇಕೆನ್ನುತ್ತಾನೆ. ಬಲಾತ್ಕಾರದಿಂದಲೂ ಕಪಟದಿಂದಲೂ ಮಾಡಿಸಿಕೊಂಡ ಪತ್ರವು ಸ್ವಹಸ್ತದ್ದಾದರೂ ಪ್ರಮಾಣವಲ್ಲ. ತೀರಿಸಿದ ಹಣವನ್ನು ಕೊಟ್ಟಂತೆ ಕೊಟ್ಟಂತೆ ಅದೇ ಪತ್ರದ ಹಿಂಬದಿಯಲ್ಲಿ ಬರೆಯಬೇಕು, ಇಲ್ಲವೇ ಧನಿಕನು ತನ್ನ ಕೈಬರಹದ ರಶೀದಿಯನ್ನು ಕೊಡಬೇಕು. ಸಾಲವು ಸಂಪೂರ್ಣ ಸಂದಮೇಲೆ ಪತ್ರವನ್ನು ಹರಿದುಹಾಕಬೇಕು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದ ಹೊರಗೋಡೆಯ ಮೇಲೆ ಶಾಸನವನ್ನು ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪವುಂಟು. ಅವಳ ಕೈಯಿಂದ ಮೂಡಿರುವುದು ವಿಕ್ರಮಾದಿತ್ಯನ ಪ್ರಶಸ್ತಿ. ಬರವಣಿಗೆಗೆ ಆ ಯುಗವು ಕೊಟ್ಟಿದ್ದ ಗೌರವ ಎಂಥದೆಂಬುದಕ್ಕೆ ಅವಳೇ ಸಾಕ್ಷಿಯಾಗಿದ್ದಾಳೆ.

ಆದರೂ ಆ ಕಾಲವನ್ನು ಸ್ವರ್ಣಯುಗವೆಂದು ಕೊಂಡಾಡಿ ಮುಂದೆ ಹೋಗುವುದು ಸತ್ಯಕ್ಕೆ ಅಪಚಾರವಾದೀತು. ಅದೇ ವ್ಯಾಖ್ಯಾನವು ಸೇವಕರನ್ನು ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ, ದಾಸ ಎಂದು ಐದು ಬಗೆಯಾಗಿ ವಿಂಗಡಿಸಿ, ದಾಸರಲ್ಲಿ ಮತ್ತೆ ಹದಿನೈದು ಬಗೆಗಳನ್ನು ಎಣಿಸುತ್ತದೆ. ದಾಸ್ಯವು ವರ್ಣಗಳ ಇಳಿಜಾರಿನಲ್ಲಿ ಮಾತ್ರ ಸಲ್ಲುವುದೆಂದು ಒಪ್ಪಿಕೊಳ್ಳುತ್ತದೆ. ಬಲಾತ್ಕಾರದಿಂದ ದಾಸನಾದವನನ್ನೂ ಕಳ್ಳರಿಂದ ಮಾರಲ್ಪಟ್ಟವನನ್ನೂ ಬಿಡುಗಡೆ ಮಾಡಬೇಕೆಂದು ಅದು ವಿಧಿಸುವುದು ನಿಜ. ಆದರೆ ಹುಟ್ಟಿನಿಂದಲೇ ಬಂಧನಕ್ಕೆ ಸಿಕ್ಕಿದವನಿಗೆ ಕರಾರೆಂಬುದು ಎಲ್ಲಿಯದು? ಅದಲ್ಲದೆ, ಕಲ್ಲು ಹೊರುವವನ ಹಕ್ಕನ್ನು ಹೇಳುವ ಈ ಗ್ರಂಥವಿದ್ದುದು ಸಂಸ್ಕೃತದಲ್ಲಿ. ಕಲ್ಲು ಹೊರುವವನು ಆಡುತ್ತಿದ್ದುದು ಕನ್ನಡವನ್ನು. ತನಗೆ ಸಲ್ಲಬೇಕಾದ ಹತ್ತನೆಯ ಪಾಲಿನ ಸುದ್ದಿಯನ್ನು ಅವನಿಗೆ ತಿಳಿಸುವವರಾರು?

ಆ ಅಂತರವನ್ನು ದಾಟಲು ಯತ್ನಿಸಿದವರು ಅದೇ ನಗರದಲ್ಲಿ, ವಿಜ್ಞಾನೇಶ್ವರನ ತಲೆಮಾರು ಕಳೆದ ಕೆಲವೇ ದಶಕಗಳಲ್ಲಿ, ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಕಾಣಿಸಿಕೊಂಡರು. ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ, ಚೆಲ್ಲಿದ ಅಕ್ಕಿಯನ್ನು ಆಯುವ ಮಾರಯ್ಯ ಮತ್ತು ಅವನ ಪತ್ನಿ ಲಕ್ಕಮ್ಮ ಇದ್ದರು. ಹುಮನಾಬಾದ್ ತಾಲ್ಲೂಕಿನ ಮೊಳಕೇರಾ ಗ್ರಾಮವನ್ನು ಜನರು ಇಂದಿಗೂ ಮೋಳಿಗೆ ಮಾರಯ್ಯನ ಊರೆಂದು ತೋರಿಸುತ್ತಾರೆ. ಈ ಶರಣರು ನುಡಿದುದು ಕನ್ನಡದಲ್ಲಿ. ಗಂಡನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಕಥೆಯು ಎಲ್ಲರಿಗೂ ಗೊತ್ತಿರುವುದೇ. ಅದನ್ನು ಸಾಮಾನ್ಯವಾಗಿ ನಿರ್ಲೋಭದ, ಅಪರಿಗ್ರಹದ ದೃಷ್ಟಾಂತವಾಗಿ ಹೇಳುವುದುಂಟು. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ: ಕಾಯಕದ ಅಳತೆಯನ್ನು ಮೀರಿ ಪಡೆದುದು ತನ್ನದಲ್ಲವೆಂದು ದುಡಿಯುವವಳು ಒಪ್ಪುವಾಗ, ದುಡಿಸಿಕೊಂಡು ಅಳತೆಗಿಂತ ಕಡಿಮೆ ಕೊಟ್ಟವನ ಕೈಯಲ್ಲಿ ಉಳಿದುದು ಕೂಡ ಅವನದಲ್ಲ. ಇಂದಿನ ಸಭೆಗಳಲ್ಲಿ ಕಾಯಕತತ್ತ್ವವನ್ನು ಕೂಲಿಯವನ ನಿಷ್ಠೆಗಾಗಿ ಮಾತ್ರ ಉಪದೇಶಿಸುವುದನ್ನು ಕೇಳುವಾಗ ನನಗೆ ವ್ಯಥೆಯಾಗುತ್ತದೆ. ಆ ತತ್ತ್ವದ ಅರ್ಧಭಾಗವು ಧನಿಕನ ಮೇಲೆಯೂ ಬೀಳುತ್ತದೆಂಬುದನ್ನು ಮರೆಯುವುದು ಶರಣರಿಗೆ ಮಾಡುವ ಅನ್ಯಾಯ.

ಶರಣರಿಂದಾದ ಕಲ್ಯಾಣದ ಕ್ರಾಂತಿಯು ರಕ್ತದಲ್ಲಿ ಮುಗಿಯಿತು, ನಗರವು ಬಡವಾಯಿತು. ಬಹಮನಿಗಳು, ಬರೀದ್ ಶಾಹಿಗಳು, ಆದಿಲ್ ಶಾಹಿಗಳು ಬಂದುಹೋದರು. 1657ರಲ್ಲಿ ಔರಂಗಜೇಬನು ಬೀದರನ್ನೂ ಕಲ್ಯಾಣಿಯ ಕೋಟೆಯನ್ನೂ ಹಿಡಿದನು. ಆಮೇಲೆ ನಿಜಾಮರ ರಾಜ್ಯದಲ್ಲಿ ಕಲ್ಯಾಣಿಯು ನವಾಬರ ಜಹಗೀರಾಯಿತು. ನಮ್ಮ ವಿಷಯಕ್ಕೆ ಈ ಶತಮಾನಗಳಲ್ಲಿ ಮುಖ್ಯವಾದುದು ಒಂದೇ: ಕಾಗದಪತ್ರದ ಭಾಷೆಯು ಫಾರಸಿಯಾಯಿತು, ಮುಂದೆ ಉರ್ದು ಆಯಿತು, ಕಾಲವು ಫಸಲಿ ವರ್ಷದಲ್ಲಿ ಎಣಿಸಲ್ಪಟ್ಟಿತು, ಹೊಲದ ಆಳು ಮಾತ್ರ ಕನ್ನಡವನ್ನೋ ಮರಾಠಿಯನ್ನೋ ಆಡುತ್ತ, ಯುಗಾದಿಯಿಂದ ಯುಗಾದಿಗೆ ಎಂದು ತನ್ನ ಗಡುವನ್ನು ಎಣಿಸುತ್ತಿದ್ದನು. ಯುಗಾದಿಯ ದಿನ ಸಾಹುಕಾರನ ಪಡಸಾಲೆಯಲ್ಲಿ ಆದ ಮಾತು ಬಾಯಿಮಾತೇ. ಮಗಳ ಮದುವೆಗೆ, ತಾಯಿಯ ಮಣ್ಣಿಗೆ ತಂದ ಸಾಲವು ಮಾತ್ರ ಬರಹದಲ್ಲಿ. ಮುಂದಿನ ಯುಗಾದಿಗೆ ಲೆಕ್ಕ ನೋಡಿದಾಗ ಬಡ್ಡಿಯು ಅಸಲನ್ನು ಮೀರಿ, ಒಂದು ವರ್ಷದ ದುಡಿಮೆಯೆಂದು ತೊಡಗಿದ್ದು ಜೀತವಾಗಿ, ತಂದೆಯ ಜೀತವು ಮಗನಿಗೆ ಇಳಿಯುತ್ತಿತ್ತು. ಇದನ್ನೇ ತೆಲಂಗಾಣದ ಕಡೆ ಭಾಗೇಲಾ ಎಂದರು. ಆ ಕರಾರುಗಳಿಗೆ ಮಿತಿ ಹಾಕಲು ತಮ್ಮ ಆಳ್ವಿಕೆಯ ಕಡೆಗಾಲದಲ್ಲಿ ನಿಜಾಮ ಸರಕಾರದವರೇ ಕಾನೂನನ್ನು ತರಬೇಕಾಯಿತು. ಅಧಿಕಾರಿಗಳಿಗೂ ಜಹಗೀರುದಾರರಿಗೂ ಕೂಲಿಯಿಲ್ಲದೆ ಮಾಡಬೇಕಾಗಿದ್ದ ಬಿಟ್ಟಿ ಬೇಗಾರಿಯದು ಬೇರೆಯೇ ಕಥೆ; ಅಲ್ಲಿ ಕರಾರಿನ ಸೋಗು ಕೂಡ ಇರಲಿಲ್ಲ.

ಇತ್ತ ನಿಜಾಮರ ಆಳ್ವಿಕೆಯಿದ್ದಾಗಲೇ ಗಡಿಯಾಚೆಯ ಬ್ರಿಟಿಷ್ ಇಂಡಿಯಾದಲ್ಲಿ ಎರಡು ಘಟನೆಗಳು ಬೆನ್ನುಬೆನ್ನಿಗೆ ನಡೆದವು. 1858ರ ಜುಲೈ ತಿಂಗಳಲ್ಲಿ ಬಂಗಾಳದ ಜಂಗಿಪುರದ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬವನು ರಸ್ತೆಗೆ ಸಾಮಗ್ರಿಯನ್ನು ಒದಗಿಸುವ ಗುತ್ತಿಗೆಯ ಕಾಗದದ ಮೇಲೆ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಗೆ ಮಸಿ ಬಳಿದು ಒತ್ತಿಸಿಕೊಂಡನು. ಮುಂದೆ ಆ ಕರಾರನ್ನು ನನ್ನದಲ್ಲವೆಂದು ಅವನು ನಿರಾಕರಿಸಬಾರದೆಂಬುದೇ ಉದ್ದೇಶ. ಬೆರಳಚ್ಚಿನ ಚರಿತ್ರೆಯು ಇಲ್ಲಿಂದಲೇ ಮೊದಲಾಗುತ್ತದೆಂದು ಹೇಳುತ್ತಾರೆ. ಕಲ್ಯಾಣದ ಶಾಸ್ತ್ರವು ಅಕ್ಷರವರಿಯದವನ ಸಮ್ಮತಿಯನ್ನು ಸಾಕ್ಷಿಗಳೆದುರು ಬರೆಸೆಂದಿತ್ತು, ಅಂದರೆ ಅವನು ತಿಳಿದಿರಬೇಕೆಂದಿತ್ತು. ಹೆಬ್ಬೆಟ್ಟಿಗೆ ತಿಳಿವಳಿಕೆಯ ಅಗತ್ಯವಿಲ್ಲ, ಕೈಯೊಂದು ಇದ್ದರೆ ಸಾಕು. ಮರುವರ್ಷವೇ, 1859ರಲ್ಲಿ, ಕಲ್ಕತ್ತೆಯ ವರ್ತಕರ ಒತ್ತಾಯದಿಂದ ಕೆಲಸಗಾರರ ಕರಾರುಭಂಗದ ಹದಿಮೂರನೆಯ ಕಾಯಿದೆಯು ಜಾರಿಗೆ ಬಂತು. ಮುಂಗಡ ಪಡೆದು ಕೆಲಸ ಬಿಟ್ಟ ಕುಶಲಕರ್ಮಿಯನ್ನಾಗಲಿ ಕೂಲಿಯನ್ನಾಗಲಿ ಮ್ಯಾಜಿಸ್ಟ್ರೇಟನು ಹಣ ಹಿಂದಿರುಗಿಸಲು, ಇಲ್ಲವೇ ಕೆಲಸಕ್ಕೆ ಮರಳಲು ಆಜ್ಞಾಪಿಸಬಹುದಾಗಿತ್ತು. ಆಜ್ಞೆಗೆ ತಪ್ಪಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಒಡೆಯನು ಕೂಲಿಯನ್ನು ತಡೆಹಿಡಿದರೆ ಅದೇ ಕಾಯಿದೆಯಲ್ಲಿ ಅವನಿಗೆ ಸೆರೆಮನೆಯಿರಲಿಲ್ಲ. ನಡುದಾರಿಯಲ್ಲಿ ಬಿಟ್ಟವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದ ಯಾಜ್ಞವಲ್ಕ್ಯನ ಮುಂದೆ ಈ ಕಾಯಿದೆಯನ್ನು ಇಟ್ಟು ನೋಡಿದರೆ, ಕಾಲ ಮುಂದುವರಿದಂತೆಲ್ಲ ನ್ಯಾಯವೂ ಮುಂದುವರಿಯುತ್ತದೆಂಬ ನಂಬಿಕೆಯು ಅಲುಗಾಡುತ್ತದೆ. ಬೀದರ ಜಿಲ್ಲೆಯು ನಿಜಾಮರದಾದ್ದರಿಂದ ಈ ಕಾಯಿದೆಯು ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಆದರೆ 1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ನೂಲಿನ ಗಿರಣಿಯೆದ್ದ ಮೇಲೆ ಇತ್ತಕಡೆಯಿಂದ ದುಡಿಮೆಗೆಂದು ಗಡಿ ದಾಟಿದವನು ಅದರ ನೆರಳಿನೊಳಕ್ಕೆ ನಡೆದಂತೆಯೇ ಸರಿ. 1925ರ ಶಾಸನದಿಂದ ಅದು ರದ್ದಾಗಿ, 1926ರ ಏಪ್ರಿಲಿನಿಂದ ಕೆಲಸ ಬಿಡುವುದು ಅಪರಾಧವಲ್ಲವೆಂದಾಯಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು, ಮರುವರ್ಷ ಜಹಗೀರುಗಳು ರದ್ದಾದವು, 1956ರ ನವೆಂಬರ್ 1ರಂದು ಬೀದರವು ಕನ್ನಡ ನಾಡಿಗೆ ಸೇರಿತು, ಕಲ್ಯಾಣಿಯು ಬಸವಕಲ್ಯಾಣವೆನಿಸಿತು. ಕನಿಷ್ಠ ವೇತನದ ಕಾಯಿದೆಯು 1948ರಲ್ಲಿಯೇ ಬಂದಿದ್ದರೂ ಜೀತಪದ್ಧತಿಯನ್ನು ಬುಡಸಹಿತ ಕಿತ್ತೆಸೆಯುವ ಶಾಸನಕ್ಕೆ 1976ರವರೆಗೆ ಕಾಯಬೇಕಾಯಿತು. 1975ರ ಅಕ್ಟೋಬರ್ 25ರಿಂದಲೇ ಪೂರ್ವಾನ್ವಯವಾಗಿ ಜೀತದ ಸಾಲಗಳೆಲ್ಲ ಅಳಿಸಿಹೋದವೆಂದು ಅದು ಘೋಷಿಸಿತು. 1982ರ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಹಸಿವಿನ ಒತ್ತಾಯದಿಂದ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದು ಕೂಡ ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ತೀರ್ಪಿತ್ತರು. ಬಲದಿಂದಲೂ ಕಪಟದಿಂದಲೂ ಆದ ಕರಾರು ಸಲ್ಲದೆಂದು ಪ್ರಾಚೀನರು ಹೇಳಿದ್ದರು; ಹಸಿವೂ ಒಂದು ಬಲಾತ್ಕಾರವೆಂದು ಹೇಳಿದುದು ನಮ್ಮ ಕಾಲದ ಹಿರಿಮೆ.

ಕಬ್ಬಿನ ಹಂಗಾಮಿಗೆ ಬಂದಾಗ ಈ ಚರಿತ್ರೆಯೆಲ್ಲ ಒಂದೇ ಗದ್ದೆಯಲ್ಲಿ ಕಣ್ಣಿಗೆ ಬೀಳುತ್ತದೆ. ಹುಮನಾಬಾದಿನ ಸೀಮೆಯ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯು ನೆಲೆಗೊಂಡ ಮೇಲೆ, ಹಾಗೂ ಗಡಿಯಾಚೆಯ ಮರಾಠವಾಡ, ಸೊಲ್ಲಾಪುರ ಸೀಮೆಗಳಲ್ಲಿ ಕಾರ್ಖಾನೆಗಳು ಬೆಳೆದ ಮೇಲೆ, ಶರತ್ಕಾಲ ಮುಗಿದೊಡನೆ ಕೊಯ್ತಾ ಹಿಡಿದ ಗಂಡಹೆಂಡಿರ ಜೋಡಿಗಳು ಇತ್ತಲಿಂದ ಅತ್ತ, ಅತ್ತಲಿಂದ ಇತ್ತ ನಡೆದು, ಬೇಸಿಗೆ ಬಲಿಯುವ ತನಕ ಕಬ್ಬನ್ನು ಕಡಿಯುತ್ತವೆ. ಅವರಿಗೂ ಕಾರ್ಖಾನೆಗೂ ನಡುವೆ ನಿಂತವನು ಮುಕಾದಮ. ಮಳೆಗಾಲದ ಕಷ್ಟದ ದಿನಗಳಲ್ಲಿ ಅವನು ಕೊಡುವ ಮುಂಗಡವೇ ಉಚಲ್. ಉಚಲ್ ಪಡೆದವನು ಟನ್ನಿಗೆ ಇಷ್ಟೆಂಬ ದರದಲ್ಲಿ ಕಡಿದು ಅದನ್ನು ತೀರಿಸಬೇಕು. ಕೆಲಸವು ಕೆಲವೇ ತಿಂಗಳದು, ಒಪ್ಪಿಕೊಂಡದ್ದು ಸ್ವಂತ ಇಚ್ಛೆಯಿಂದ, ಆದ್ದರಿಂದ ಇದನ್ನು ಜೀತವೆಂದು ಕರೆಯಲಾಗದೆಂದು ವಾದಿಸುವವರು ಇದ್ದಾರೆ. ಹಂಗಾಮು ಮುಗಿದಾಗ ಉಚಲ್ ತೀರದೆ, ಬಾಕಿಯು ಮುಂದಿನ ಹಂಗಾಮಿಗೆ ಹೊರಳಿದರೆ ಆ ವಾದಕ್ಕೆ ಬಲವೆಲ್ಲಿ ಉಳಿಯಿತು? ಒಪ್ಪಿಕೊಂಡವನು ಕೆಲಸವನ್ನು ನಡುವೆ ಬಿಟ್ಟು ಓಡಿದರೆ ಮುಕಾದಮನೂ ಮುಳುಗುವನೆಂಬುದು ಸುಳ್ಳಲ್ಲ, ಅವನೂ ಕಾರ್ಖಾನೆಯ ಹಣವನ್ನು ತಂದು ಹಂಚಿದವನೇ. ಕರಾರನ್ನು ಪಾಲಿಸುವ ಋಣವು ದುಡಿಯುವವನ ಮೇಲೂ ಇದೆ. ಆದರೆ ಟನ್ನಿನ ದರವೆಷ್ಟು, ತೂಕ ಮಾಡುವವರಾರು, ಬಿಡಾರ ಯಾರದು, ಮೈಯಲ್ಲಿ ಹುಷಾರಿಲ್ಲದ ದಿನದ ಲೆಕ್ಕವೇನು, ಹಿಂದಿರುಗುವ ದಾರಿಯ ಖರ್ಚು ಯಾರದು ಎಂಬುದನ್ನು ಬಂಡಿ ಹತ್ತುವ ಮೊದಲು ಕೇಳುವ ಹಕ್ಕು ಆ ಋಣಕ್ಕಿಂತ ಹಿರಿದು.

1979ರ ಅಂತರರಾಜ್ಯ ವಲಸೆ ಕೆಲಸಗಾರರ ಕಾಯಿದೆಯು ಈ ಪ್ರಶ್ನೆಗಳಿಗಾಗಿಯೇ ಹುಟ್ಟಿದುದು. ಗುತ್ತಿಗೆದಾರನು ಪ್ರತಿಯೊಬ್ಬ ಕೆಲಸಗಾರನಿಗೂ ಭಾವಚಿತ್ರ ಅಂಟಿಸಿದ ಪಾಸ್‌ಬುಕ್ಕನ್ನು ಕೊಟ್ಟು, ಅದರಲ್ಲಿ ಕೆಲಸದ ಸ್ಥಳ, ಅವಧಿ, ಕೂಲಿಯ ದರ, ಕೊಡುವ ರೀತಿ, ಸ್ಥಳಾಂತರದ ಭತ್ಯೆ, ಹಿಂದಿರುಗುವ ಪ್ರಯಾಣದ ವೆಚ್ಚ, ಕಡಿತಗಳು ಇವನ್ನೆಲ್ಲ ನಮೂದಿಸತಕ್ಕದ್ದೆಂದು ಅದು ವಿಧಿಸಿತು. ಮುಂದೆ 2020ರ ಕಾರ್ಮಿಕ ಸಂಹಿತೆಯೊಳಗೆ ಅದನ್ನು ಸೇರಿಸಲಾಯಿತು. ಆ ಪಾಸ್‌ಬುಕ್ಕಿನ ಅಂಕಣಗಳನ್ನೂ ವಿಜ್ಞಾನೇಶ್ವರನ ಲೇಖ್ಯದ ಅಂಗಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಎರಡರ ಉದ್ದೇಶವೂ ಒಂದೇ ಎಂಬುದು ತಿಳಿಯುತ್ತದೆ. ವ್ಯತ್ಯಾಸವಿರುವುದು ಪತ್ರವು ಯಾರ ಬಳಿಯಲ್ಲಿರುತ್ತದೆಂಬುದರಲ್ಲಿ: ಸಾಲಪತ್ರವು ಧನಿಕನ ಪೆಟ್ಟಿಗೆಯಲ್ಲಿರುತ್ತಿತ್ತು, ಪಾಸ್‌ಬುಕ್ಕು ದುಡಿಯುವವನ ವಶದಲ್ಲಿರಬೇಕೆಂದು ಕಾನೂನು ಬಯಸಿತು. ಕಬ್ಬಿನ ಗದ್ದೆಯಲ್ಲಿ ಇಂದಿಗೂ ಉಚಲಿನ ಲೆಕ್ಕವನ್ನು ಮುಕಾದಮನ ವಹಿಯೇ ಹೇಳುತ್ತದೆ. ಬಸವಕಲ್ಯಾಣದಲ್ಲಿ ಶರಣರ ಅನುಭವಮಂಟಪದ ಭವ್ಯವಾದ ಹೊಸ ಕಟ್ಟಡವನ್ನು ಕಟ್ಟುವ ಸಂಕಲ್ಪ ಮಾಡಿದವರು, ವೇತನಾದಾನ ಪ್ರಕರಣವನ್ನೂ ಲೇಖ್ಯ ಪ್ರಕರಣವನ್ನೂ ತಿಳಿಗನ್ನಡದಲ್ಲಿ ಹತ್ತಾರು ಪುಟಗಳ ಪುಸ್ತಿಕೆಯಾಗಿ ಅಚ್ಚುಹಾಕಿಸಿ, ಕಡೆಯಲ್ಲಿ ಕೆಲವು ಖಾಲಿ ಹಾಳೆಗಳನ್ನು ಸೇರಿಸಿ, ಹಂಗಾಮಿಗೆ ಹೊರಡುವವರ ಕೈಗೆ ಕೊಟ್ಟರೆ, ಪಡೆದ ಉಚಲನ್ನೂ ಕಡಿದ ಟನ್ನನ್ನೂ ಅವರ ಮನೆಯ ಶಾಲೆಗೆ ಹೋಗುವ ಮಗುವೇ ಅದರಲ್ಲಿ ಬರೆದಿಡಬಲ್ಲದು.